ಉಪ್ಪುನೆಲದ ಮದ್ದು

ಫಲ ಕೊಡದ ಭೂಮಿಗೆ ನಾವು ಇಟ್ಟಿರುವ ಹೆಸರುಗಳಲ್ಲಿ ‘ಚೌಳು’ ಎಂಬುದು ಬಹು ಕಠಿಣವಾದದ್ದು. ಉಪ್ಪೇರಿದ ನೆಲ ನಿಷ್ಪ್ರಯೋಜಕವೆಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ಆದರೆ ಹೊಳೆ ಕಡಲನ್ನು ಕೂಡುವ ಅಳಿವೆಗಳಲ್ಲಿ, ದಿನಕ್ಕೆರಡು ಬಾರಿ ಭರತದ ನೀರು ಏರಿಳಿಯುವ ಕೆಸರಿನಲ್ಲಿ, ಹಚ್ಚಗೆ ನಿಂತ ಕಾಡುಂಟು. ಕರಾವಳಿಯ ಜನ ಅದನ್ನು ಕಾಂಡ್ಲಾ ಎನ್ನುತ್ತಾರೆ. ಈ ಗಿಡಗಳಲ್ಲಿ ದೊಡ್ಡ ದೊಡ್ಡ ರೋಗಗಳಿಗೆ ಮದ್ದಿದೆಯೆಂಬ ಮಾತು ಈಚೆಗೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ಅದರಲ್ಲಿ ಹುರುಳೆಷ್ಟು, ಅದರಿಂದ ನಮಗೊದಗುವ ಹೊಣೆ ಯಾವುದು ಎಂಬುದನ್ನು ವಿಚಾರಮಾಡುವುದು ಉಚಿತ.

ಉಪ್ಪು ಬೇರಿಗೆ ನೀರು ದಕ್ಕದಂತೆ ಮಾಡುತ್ತದೆ. ಅದನ್ನು ಎದುರಿಸಲು ಒಂದೊಂದು ಗಿಡವೂ ಒಂದೊಂದು ಉಪಾಯ ಕಂಡುಕೊಂಡಿದೆ. ಕಾಂಡ್ಲಾ ಮರ ಬಹುಪಾಲು ಉಪ್ಪನ್ನು ಬೇರಿನಲ್ಲಿಯೇ ತಡೆದುಬಿಡುತ್ತದೆ. ಉಪ್ಪಟ್ಟಿ ಗಿಡ ಒಳಹೊಕ್ಕ ಉಪ್ಪನ್ನು ಎಲೆಯ ಗ್ರಂಥಿಗಳಿಂದ ಹೊರಸೂಸುತ್ತದೆ. ಬಿಸಿಲೂ ಉಪ್ಪೂ ಕೂಡಿ ಜೀವಕೋಶಗಳನ್ನು ಪೀಡಿಸುವಾಗ ಗಿಡ ತನ್ನ ರಕ್ಷಣೆಗಾಗಿ ಫ್ಲೇವನಾಯ್ಡ್, ಟ್ಯಾನಿನ್ ಮೊದಲಾದ ದ್ರವ್ಯಗಳನ್ನು ಕೂಡಿಡುತ್ತದೆ. ಹತ್ತಿಯ ಬಲೆ ಕೊಳೆಯದಿರಲೆಂದು ಮೀನುಗಾರರು ತೊಗಟೆಯ ಒಗರಿನಲ್ಲಿ ಅದ್ದುತ್ತಿದ್ದುದು ಈ ಟ್ಯಾನಿನ್ನಿನ ಬಲದಿಂದಲೇ. ತನ್ನ ಪ್ರಾಣವುಳಿಸಿಕೊಳ್ಳಲು ಗಿಡ ಮಾಡಿದ್ದು ನಮ್ಮ ಪ್ರಾಣಕ್ಕೂ ಒದಗೀತೆಂಬುದೇ ಸಂಶೋಧಕರ ಆಸೆ.

ಆಸೆ ಬರಿಯ ಕನಸಲ್ಲ. ಚಿದಂಬರದ ದೇವಾಲಯದ ಸ್ಥಳವೃಕ್ಷವಾದ ತಿಲ್ಲೈ ಉಪ್ಪುನೀರಿನ ಅಂಚಿನ ಮರ. ಅದರ ಹಾಲು ಕಣ್ಣಿಗೆ ಸಿಡಿದರೆ ತಾತ್ಕಾಲಿಕ ಕುರುಡು ತಪ್ಪದು. ಅದೇ ಜಾತಿಯ ಮರದಿಂದ ಬೇರ್ಪಡಿಸಿದ ಒಂದು ದ್ರವ್ಯ ಏಡ್ಸ್ ವೈರಸ್ಸನ್ನು ತಡೆಯಿತೆಂದು 1995ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ವಿಷಕ್ಕೂ ಮದ್ದಿಗೂ ನಡುವಣ ಗೆರೆ ಎಷ್ಟು ತೆಳುವೆಂಬುದು ನಮ್ಮ ವೈದ್ಯರಿಗೆ ಹೊಸ ಸಂಗತಿಯೇನೂ ಅಲ್ಲ.

ಆದರೆ ಗಾಜಿನ ನಳಿಗೆಯಲ್ಲಿ ಗೆದ್ದದ್ದು ರೋಗಿಯ ಹಾಸಿಗೆಯ ಬಳಿ ಗೆದ್ದಂತಲ್ಲ. ಇದಕ್ಕೆ ಹೊನ್ನೆಯ ಬಳಗದ ಕಥೆಯೇ ಸಾಕ್ಷಿ. ನಮ್ಮ ಕರಾವಳಿಯ ಮನೆಗಳಲ್ಲಿ ಹಿಂದೆ ದೀಪಕ್ಕೆ ಎಣ್ಣೆ ಕೊಡುತ್ತಿದ್ದ ಹೊನ್ನೆ ಉಪ್ಪುಗಾಳಿಗೆ ಅಂಜದ ಮರ. ಅದರ ಸೋದರಸಂಬಂಧಿಯಾದ ಒಂದು ಮರದ ಮಾದರಿಯನ್ನು 1987ರಲ್ಲಿ ಸರವಾಕ್ ಪ್ರಾಂತದ ಜೌಗುಕಾಡಿನಿಂದ ಒಯ್ದರು. ಅದರಲ್ಲಿ ಕ್ಯಾಲನೊಲೈಡ್ ಎಂಬ ದ್ರವ್ಯ ದೊರೆತು, ಅದು ಏಡ್ಸ್ ವೈರಸ್ಸನ್ನು ತಡೆಯುತ್ತದೆಂದು ತಿಳಿಯಿತು. ಇನ್ನಷ್ಟು ಬೇಕೆಂದು ಹಿಂದಿರುಗಿದಾಗ ಆ ಮರವನ್ನು ಯಾರೋ ಕಡಿದಿದ್ದರು! ಅದೇ ಜಾತಿಯ ಬೇರೆ ಮರಗಳಲ್ಲಿ ಆ ದ್ರವ್ಯ ಸಾಕಷ್ಟು ಸಿಗಲಿಲ್ಲ. ಕೊನೆಗೆ ರಸಾಯನಶಾಲೆಯಲ್ಲಿ ಅದನ್ನು ತಯಾರಿಸಿ ಮನುಷ್ಯರ ಮೇಲೆ ಪರೀಕ್ಷಿಸಿದ್ದಾಯಿತು. ಇಂದಿಗೂ ಅದು ಔಷಧದಂಗಡಿಯನ್ನು ಮುಟ್ಟಿಲ್ಲ.

ಈ ಕಥೆಯಿಂದ ನಾನು ಕಲಿಯುವ ಪಾಠ ಎರಡು. ಮೊದಲನೆಯದು, ಮದ್ದಿನ ಆಸೆ ತೋರಿಸಿ ಎಲೆ, ತೊಗಟೆಗಳನ್ನು ಮಾರಹೊರಟವರನ್ನು ನಂಬಬಾರದು. ಎರಡನೆಯದು, ಜಾತಿಯೊಂದು ಎಲ್ಲಿಯಾದರೂ ಉಳಿದರೆ ಸಾಕೆಂಬ ಸಮಾಧಾನ ಸಲ್ಲದು. ಈ ನೆಲದ, ಈ ನೀರಿನ ಮರವೇ ಬೇಕಾದೀತು. 2021ರ ಅರಣ್ಯ ಸಮೀಕ್ಷೆಯ ಪ್ರಕಾರ ದೇಶದ 4,992 ಚದರ ಕಿಲೋಮೀಟರ್ ಕಾಂಡ್ಲಾ ಕಾಡಿನಲ್ಲಿ ಕರ್ನಾಟಕದ ಪಾಲು ಕೇವಲ 13. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು ಸಂತೋಷವೇ. ಆದರೆ ಪಟ್ಟಿಯಲ್ಲಿನ ಹೆಸರು ತಾನೇ ಕೊಡಲಿಯನ್ನು ತಡೆಯದು.

ಹಾಗಾದರೆ ಮದ್ದು ಸಿಗುವುದೆಂಬ ಕಾರಣಕ್ಕೆ ಈ ಕಾಡನ್ನು ಉಳಿಸಬೇಕೆ? ಆ ವಾದ ನನಗೆ ಒಪ್ಪಿಗೆಯಿಲ್ಲ. ಮದ್ದು ಸಿಗದೆಹೋದರೆ ಕಡಿಯಬಹುದೆಂಬ ಅರ್ಥ ಅದರಲ್ಲಿ ಅಡಗಿದೆ. ದಡವನ್ನು ಕಾಯುವುದು, ಮೀನುಮರಿಗಳನ್ನು ಸಾಕುವುದು ಅದರ ಇಂದಿನ ಉಪಕಾರ, ಮದ್ದು ನಾಳೆಯದು.

ಕರಾವಳಿಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾಡಬಹುದಾದ ಕೆಲಸವೊಂದುಂಟು. ತಮ್ಮ ಊರ ಅಳಿವೆಯ ಗಿಡಗಳ ಹೆಸರು, ನೆಲೆ, ಹೂಬಿಡುವ ಕಾಲ, ಹಿರಿಯರು ಅವನ್ನು ಬಳಸುವ ಬಗೆ—ಇವನ್ನು ಅವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲಿಯೇ ಬರೆದಿಡಲಿ. ಇಂಥ ತಿಳಿವಿನಿಂದ ಲಾಭ ಬಂದರೆ ಅದರಲ್ಲಿ ಆ ಜನರಿಗೂ ಪಾಲುಂಟೆಂದು 2002ರ ಜೀವವೈವಿಧ್ಯ ಕಾಯಿದೆ ಹೇಳುತ್ತದೆ. ಆದರೆ ಬರೆದಿಟ್ಟಿಲ್ಲದ ತಿಳಿವಿಗೆ ಪಾಲು ಕೇಳುವವರು ಯಾರು? ಕಡಿದ ಮರವನ್ನು ಏನೆಂದು ಕೇಳುವುದು?