ಥರ್ಮಾಕೋಲ್ ಗಾಳಿಯಂತ್ರಕ್ಕೆ ಫಸ್ಟ್ ಪ್ರೈಜ್

ಕ್ಲಾಸ್‌ರೂಮ್ ಕಿರಿಕ್, ಕಂತು 4. ಆರು ಕ್ಯಾಪ್ಷನ್ ಇದೆ. ಪೂರ್ತಿ ಓದಿ, ಆಮೇಲೆ ಬೈರಿ.

1/6
ಫೋಟೊ ನೋಡಿದ್ರಲ್ಲ? ಪರಿಸರ ದಿನಕ್ಕೆ ನಮ್ಮ ಟೀಮ್ ಮಾಡಿದ ಮಾಡೆಲ್. ಥರ್ಮಾಕೋಲ್ ಗುಡ್ಡ, ಅದರ ಮೇಲೆ ಥರ್ಮಾಕೋಲ್ ಗಾಳಿಯಂತ್ರ, ಹಸಿರು ಸ್ಪ್ರೇ ಪೇಂಟ್. ಒಳಗಡೆ ಸೆಲ್ ಇದೆ, ಸ್ವಿಚ್ ಒತ್ತಿದ್ರೆ ರೆಕ್ಕೆ ತಿರುಗತ್ತೆ. ಅಂದ್ರೆ ಗಾಳಿಯಿಂದ ಕರೆಂಟ್ ಅಲ್ಲ ಸ್ವಾಮಿ, ಕರೆಂಟಿನಿಂದ ಗಾಳಿ! ಇದಕ್ಕೆ ಫಸ್ಟ್ ಪ್ರೈಜ್ ಬಂತು. ಅಲಂಕಾರಕ್ಕೆ ಬಳಸೋ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಅದು ಬಹುಮಾನ ಕೊಟ್ಟವರಿಗೂ ನೆನಪಾಗಲಿಲ್ಲ, ತಗೊಂಡವರಿಗೂ ನೆನಪಾಗಲಿಲ್ಲ. ತಗೊಂಡವರಲ್ಲಿ ನಾನೂ ಒಬ್ಬ. ಹಾಗಾಗಿ ಇವತ್ತಿನ ಬೈಗುಳದಲ್ಲಿ ನನ್ನ ಪಾಲೂ ಇದೆ.

2/6
ಪರಿಸರ ಅಧ್ಯಯನ ನಮಗೆ ಯಾಕೆ ಕಡ್ಡಾಯ ಗೊತ್ತಾ? ಎಂ.ಸಿ. ಮೆಹ್ತಾ ಅನ್ನೋ ವಕೀಲರು ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು: ಶಾಲೆ ಕಾಲೇಜುಗಳಲ್ಲಿ ಇದನ್ನು ಕಲಿಸಲೇಬೇಕು ಅಂತ. ದೇಶದ ಅತ್ಯುನ್ನತ ನ್ಯಾಯಾಲಯ ಹೋರಾಡಿ ಕೊಡಿಸಿದಂಥ ವಿಷಯ. ನಾವು ಅದನ್ನ ಏನು ಮಾಡಿದ್ವಿ? ಪರೀಕ್ಷೆ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಬರೋ ಪಿಡಿಎಫ್ ಮಾಡಿದ್ವಿ. "ಸೌರಶಕ್ತಿಯ ಅನುಕೂಲಗಳನ್ನು ಬರೆಯಿರಿ, 5 ಅಂಕ." ಐದು ಪಾಯಿಂಟ್, ಐದು ಅಂಕ, ಮರೆತುಬಿಡಿ.

3/6
"ಸಂಪನ್ಮೂಲ ಇಲ್ಲಪ್ಪ, ಕಿಟ್ ಇಲ್ಲ, ಸ್ಮಾರ್ಟ್ ಬೋರ್ಡ್ ಕೆಟ್ಟಿದೆ" ಅಂತಾರೆ. ಮೇಷ್ಟ್ರುಗಳ ಕಷ್ಟ ಸುಳ್ಳಲ್ಲ. ಯಾರಿಗೆ ಪೀರಿಯಡ್ ಕಮ್ಮಿಯೋ ಅವರ ತಲೆಗೆ ಈ ಪೇಪರ್ ಕಟ್ತಾರೆ. ಆದ್ರೆ ನಾನು ಕೇಳಿದ ಸಂಪನ್ಮೂಲಕ್ಕೆ ಒಂದು ರೂಪಾಯಿನೂ ಖರ್ಚಿರಲಿಲ್ಲ. ಹೋದ ವರ್ಷ ಆಫೀಸಿಗೆ ಹೋಗಿ, "ಪ್ರಾಜೆಕ್ಟ್‌ಗೆ ಕಾಲೇಜಿನ ಕರೆಂಟ್ ಬಿಲ್ ಬೇಕು ಸಾರ್, ಹನ್ನೆರಡು ತಿಂಗಳದ್ದು" ಅಂದೆ. "ನಿಂಗ್ಯಾಕಪ್ಪ ಅದೆಲ್ಲ? ಸುಮ್ನೆ ಒಂದು ಮಾಡೆಲ್ ಮಾಡು" ಅಂದ್ರು. ಮಾಡಿದೆ. ಅದೇ ಮೊದಲನೇ ಫೋಟೊ.

ನನ್ನ ಸಿಟ್ಟು ಇಲ್ಲಿದೆ. ದುಡ್ಡಿಲ್ಲ ಅನ್ನೋದು ಒಂದು ಕೊರತೆ. ಅಳೆಯೋಕೆ ಬಿಡದೇ ಇರೋದು ಬೇರೆಯದೇ ಕೊರತೆ. ಎರಡನೆಯದನ್ನ ಮೊದಲನೆಯದರ ಹಿಂದೆ ಬಚ್ಚಿಡಬೇಡಿ.

4/6
ಬಿಲ್ ಸಿಗಲಿಲ್ಲ, ಸರಿ. ನಾವೇ ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ. ಹಳೇ ಮಾದರಿ ಸೀಲಿಂಗ್ ಫ್ಯಾನ್ ಒಂದಕ್ಕೆ ಸುಮಾರು 75 ವ್ಯಾಟ್. ಒಂದು ಕ್ಲಾಸಿಗೆ ನಾಲ್ಕು ಫ್ಯಾನ್, 300 ವ್ಯಾಟ್. ಊಟದ ಹೊತ್ತಲ್ಲಿ ಯಾರೂ ಇಲ್ಲದೆ ಒಂದು ಗಂಟೆ ತಿರುಗಿದ್ರೆ 0.3 ಯೂನಿಟ್. ಅಂಥ 20 ಕ್ಲಾಸ್‌ರೂಮ್ ಇದ್ರೆ ದಿನಕ್ಕೆ 6 ಯೂನಿಟ್. ವರ್ಷಕ್ಕೆ 200 ದಿನ ಕಾಲೇಜು ಅಂತ ಹಿಡಿದ್ರೂ 1,200 ಯೂನಿಟ್.

ನಮ್ಮ ಕಡೆ ಬಿಸಿಲಿಗೆ ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ದಿನಕ್ಕೆ ಹತ್ತಿರ ಹತ್ತಿರ 4 ಯೂನಿಟ್ ಕೊಡತ್ತೆ. ಅಂದ್ರೆ ಆ ಪ್ಯಾನೆಲ್ 300 ದಿನ ಬಿಸಿಲಲ್ಲಿ ಕೂತು ದುಡಿದಿದ್ದನ್ನ ನಾವು ಖಾಲಿ ಬೆಂಚುಗಳಿಗೆ ಗಾಳಿ ಬೀಸೋಕೆ ಸುರಿದ್ವಿ. ಈ ಪಾಠ ಯಾವ ಕಿಟ್‌ನಲ್ಲಿ ಬರತ್ತೆ ಹೇಳಿ?

5/6
ಇನ್ನು ಆ ಪಿಡಿಎಫ್‌ನ ಐದು ಪಾಯಿಂಟ್. ಎಲ್ಲವೂ ಅನುಕೂಲ, ಒಂದೂ ಪ್ರಶ್ನೆ ಇಲ್ಲ. ನಮ್ಮ ತುಮಕೂರು ಜಿಲ್ಲೆಯಲ್ಲೇ ಪಾವಗಡ ಇದೆ ಕಣ್ರೀ! 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್, ಸುಮಾರು 13,000 ಎಕರೆ. ರೈತರ ಜಮೀನನ್ನ ಕೊಂಡುಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಶುರುವಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಕೈಕೊಡೋ ಆ ಸೀಮೆಯಲ್ಲಿ ಎಷ್ಟೋ ಮನೆಗಳಿಗೆ ಅದು ಆಸರೆ, ಒಪ್ಕೋತೀನಿ. ಆದ್ರೆ ಗುತ್ತಿಗೆ ಹಣ ಬರೋದು ಜಮೀನು ಇದ್ದವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡ್ತಿದ್ದವರಿಗೆ? ಕುರಿ ಮೇಯಿಸ್ತಿದ್ದವರಿಗೆ?

ಇದನ್ನ ಕೇಳಿದ್ರೆ ಸೋಲಾರ್ ವಿರೋಧಿ ಅಂದುಕೋಬೇಡಿ. ಕಲ್ಲಿದ್ದಲು ಬಿಡಲೇಬೇಕು, ಸೋಲಾರ್ ಬೇಕೇ ಬೇಕು. ಬೇಕು ಅನ್ನೋದಕ್ಕೇ ಸರಿಯಾಗಿ ಕಲಿಯೋಣ ಅಂತಿರೋದು. ಒಂದು ಬಸ್ಸು, ಒಂದು ದಿನ. ಅಲ್ಲಿನ ಒಬ್ಬ ರೈತರು, ಒಬ್ಬ ಕೂಲಿ ಹೆಣ್ಣುಮಗಳು, ಒಬ್ಬ ಎಂಜಿನಿಯರ್, ಮೂವರ ಹತ್ರ ಅರ್ಧರ್ಧ ಗಂಟೆ ಮಾತಾಡಿದ್ರೆ ಒಂದು ಸೆಮಿಸ್ಟರ್‌ನ ಪಾಠ ಆಗತ್ತೆ. ವರ್ಷಾ ವರ್ಷಾ ಟ್ರಿಪ್ಪಿಗೆ ಬಸ್ ಸಿಗಲ್ವಾ? ಇದಕ್ಕೆ ಯಾಕೆ ಸಿಗಲ್ಲ?

6/6
ಲೈಕ್ ಒತ್ತಿ ಹೋಗಬೇಡಿ. ಈ ವಾರ ಮೂರು ಕೆಲಸ.

ಒಂದು, ಮನೆಯ ಕರೆಂಟ್ ಬಿಲ್ ತೆಗೀರಿ. ಗೃಹಜ್ಯೋತಿಯಿಂದ ಕಟ್ಟೋ ಹಣ ಸೊನ್ನೆ ಇರಬಹುದು, ಯೂನಿಟ್ ಸೊನ್ನೆ ಇರಲ್ಲ. ಆ ಸಂಖ್ಯೆ ನೋಡಿ, ಅಮ್ಮನಿಗೂ ತೋರಿಸಿ. ಸ್ಟೋರಿ ಹಾಕೋದಾದ್ರೆ ಹೆಸರು, ಆರ್‌ಆರ್ ನಂಬರ್ ಮುಚ್ಚಿ ಹಾಕಿ.

ಎರಡು, ಕಾಲೇಜಿನ ತಾರಸಿಗೆ ಮೇಷ್ಟ್ರನ್ನ ಕರ್ಕೊಂಡು ಹೋಗಿ. ಬೆಳಗ್ಗೆ 10ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ನೆರಳು ಎಲ್ಲೆಲ್ಲಿ ಬೀಳತ್ತೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಪ್ಯಾನೆಲ್ ಎಲ್ಲಿ ಕೂರಿಸಬೇಕು, ಎಲ್ಲಿ ಕೂರಿಸಬಾರದು ಅನ್ನೋದು ಕಣ್ಣಿಗೇ ಕಾಣತ್ತೆ.

ಮೂರು, ಆಫೀಸಿಗೆ ಅರ್ಜಿ. ನನ್ನ ಹಾಗೆ ಒಬ್ಬರೇ ಹೋಗಬೇಡಿ, "ನಿಂಗ್ಯಾಕಪ್ಪ" ಅಂದು ಕಳಿಸ್ತಾರೆ. ಇಡೀ ಕ್ಲಾಸು ಸಹಿ ಹಾಕಿ ಕೊಡಿ. ಅರವತ್ತು ಜನಕ್ಕೆ "ನಿಂಗ್ಯಾಕಪ್ಪ" ಅನ್ನೋಕೆ ಆಗಲ್ಲ.

ನಮ್ಮ ಕ್ಲಾಸಿನ ಅರ್ಜಿ ಸೋಮವಾರ ಕೊಡ್ತೀವಿ. ಬಿಲ್ ಸಿಕ್ಕಿದ್ರೂ ಹಾಕ್ತೀನಿ, ಸಿಗದಿದ್ರೂ ಹಾಕ್ತೀನಿ. ಥರ್ಮಾಕೋಲ್ ಮಾಡೆಲ್ ಇನ್ನೂ ಶೋಕೇಸ್‌ನಲ್ಲೇ ಇದೆ. ಸೆಲ್ ಮುಗಿದಿದೆ, ರೆಕ್ಕೆ ನಿಂತಿದೆ.

#ಕ್ಲಾಸ್‌ರೂಮ್‌ಕಿರಿಕ್ #ಬಿಲ್‌ತೋರಿಸಿ #ಪರಿಸರಪಾಠ