ಮಂಡಿನೋವಿನವರನ್ನು ಮೂಲೆಯಲ್ಲಿ ಕೂರಿಸಬೇಡಿ

"ಅಮ್ಮನಿಗೆ ಮಂಡಿನೋವು ಡಾಕ್ಟ್ರೇ. ಒಂದು ಕೆಲಸವನ್ನೂ ಮಾಡಿಸುವುದಿಲ್ಲ, ಎಲ್ಲಿಗೂ ಕಳಿಸುವುದಿಲ್ಲ" ಎಂದು ಮಕ್ಕಳು ಹೆಮ್ಮೆಯಿಂದ ಹೇಳುವುದುಂಟು. ಪಕ್ಕದಲ್ಲೇ ಕುಳಿತ ತಾಯಿ ಸುಮ್ಮನಿರುತ್ತಾರೆ. ಇದು ಪ್ರೀತಿಯೇ ಸರಿ, ಆದರೆ ಇದರಿಂದ ನೋವು ಕಡಿಮೆಯಾಗದು.

ಕೀಲಿನ ಸವೆತದಿಂದ ಬರುವ ಮಂಡಿನೋವಿನಲ್ಲಿ ಸದಾ ಕೂತೇ ಇದ್ದರೆ ತೊಡೆಯ ಸ್ನಾಯುಗಳು ಸೊರಗುತ್ತವೆ, ತೂಕ ಏರುತ್ತದೆ. ದೇವಸ್ಥಾನ, ಮದುವೆಮನೆ, ನೆರೆಹೊರೆಯವರ ಮಾತುಕತೆ ತಪ್ಪಿದರೆ ಮನಸ್ಸೂ ಕುಗ್ಗುತ್ತದೆ. ಆಗ ಅದೇ ನೋವು ಇಮ್ಮಡಿಯಾಗಿ ಕಾಡುತ್ತದೆ.

ಹಾಗಾದರೆ ಮನೆಯವರು ಮಾಡಬೇಕಾದ್ದೇನು? ಸಂಜೆ ಸಮತಟ್ಟಾದ ದಾರಿಯಲ್ಲಿ ಅವರ ಜೊತೆ, ಅವರ ವೇಗದಲ್ಲೇ ನಡೆಯಿರಿ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ ಹಿಡಿಯುವ ವ್ಯಾಯಾಮ ಮಾಡುವಾಗ ಮೊಮ್ಮಕ್ಕಳು ಹತ್ತರವರೆಗೆ ಎಣಿಸಲಿ. ಸ್ಥೂಲಕಾಯದವರು 1 ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕಿಲೋ ಭಾರ ತಗ್ಗುತ್ತದೆ. ಕಮೋಡ್ ಹಾಕಿಸಿ, ಗೋಡೆಗೆ ಹಿಡಿಕೆ ಇರಲಿ. ಕೂತು ಸೊಪ್ಪು ಬಿಡಿಸುವಂಥ ಕೆಲಸವನ್ನು ಅವರಿಂದ ಕಸಿದುಕೊಳ್ಳಬೇಡಿ.

ಮಂಡಿ ಊದಿ ಬಿಸಿಯಾದರೆ ಕೂಡಲೇ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಮಾತ್ರೆ ಬರೆದುಕೊಡಲು ನಾವಿದ್ದೇವೆ. ಜೊತೆಯಲ್ಲಿ ನಡೆಯಲು ನೀವೇ ಬೇಕು.