ಅವಸರದ ಗುಳ್ಳೆ

ಜ್ವಾಲೆಯ ಮುಂದೆ ಕುಳಿತು ಗಾಜಿನ ಕಡ್ಡಿಯನ್ನು ಕರಗಿಸಿ, ಮಣ್ಣು ಬಳಿದ ಉಕ್ಕಿನ ತಂತಿಗೆ ಸುತ್ತಿ ಮಣಿ ಮಾಡುವವನಿಗೂ, ಚನ್ನಪಟ್ಟಣದಲ್ಲಿ ಹಾಲೆಮರದ ತುಂಡನ್ನು, ಆ ಊರವರ ಬಾಯಲ್ಲಿ ಆಲೆಮರದ ತುಂಡನ್ನು, ತಿರುಗುವ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ಕಡೆದು, ಅದಕ್ಕೆ ಬಣ್ಣದ ಅರಗನ್ನು ಹೊದಿಸಿ ಮಣಿಯಾಗಿಸುವವನಿಗೂ ದ್ರವ್ಯ ಬೇರೆ, ಉಷ್ಣದ ಪ್ರಮಾಣ ಬೇರೆ, ಪರಂಪರೆ ಬೇರೆ. ಆದರೆ ಇಬ್ಬರಿಗೂ ವೈರಿಯಾದುದು ಒಂದೇ: ಹೊರಗಿನಿಂದ ಕಾಣದಂತೆ ಒಳಗೆ ಸೆರೆಯಾದ ಗಾಳಿ ಮತ್ತು ತೇವ. ಈ ವೈರಿಯನ್ನು ದೂರವಿಡುವ ಉಪಾಯವೂ ಇಬ್ಬರಿಗೂ ಒಂದೇ. ಅದು ಕಾಯುವುದು. ಕಾಯುವ ಕಾಲವೂ ದುಡಿಮೆಯೇ ಎಂಬುದನ್ನೂ, ಆ ದುಡಿಮೆಗೆ ನಾವು ಬೆಲೆ ಕೊಡುತ್ತಿಲ್ಲವೆಂಬುದನ್ನೂ ಹೇಳುವುದೇ ಈ ಲೇಖನದ ಉದ್ದೇಶ.

ಕರಗಿದ ಗಾಜು ಜೇನಿನಂತೆ ಮಂದವಾಗಿ ಜರುಗುವ ವಸ್ತುವಾದುದರಿಂದ, ಸುತ್ತಿನ ಮೇಲೆ ಸುತ್ತು ಹಾಕುವಾಗ ನಡುವೆ ಕಿಂಚಿತ್ ಅಂತರ ಉಳಿದರೂ ಅಲ್ಲಿನ ಗಾಳಿ ಹೊರಬರಲಾರದೆ ಗುಳ್ಳೆಯಾಗಿ ನಿಲ್ಲುತ್ತದೆ. ತಂತಿಗೆ ಬಳಿದ ಮಣ್ಣು ಹಸಿಯಾಗಿದ್ದರೆ ಅದರ ನೀರು ಆವಿಯಾಗಿ ಗಾಜಿನೊಳಕ್ಕೆ ನುಗ್ಗುತ್ತದೆ. ಉರಿ ಮಿತಿಮೀರಿದರೆ ಗಾಜೇ ಕುದಿದು ನೊರೆಗಟ್ಟುತ್ತದೆ. ಆದಕಾರಣ ಬಲ್ಲವನು ಕಡ್ಡಿಯನ್ನು ಒರೆಸಿ ಶುಚಿಮಾಡಿ, ಮಣ್ಣನ್ನು ಪೂರ್ಣವಾಗಿ ಒಣಗಿಸಿ, ತಂತಿಯನ್ನು ಕಾಯಿಸಿ, ಕಡ್ಡಿಯ ತುದಿಯಲ್ಲಿ ಸಾಕಷ್ಟು ಗಾಜು ಮೆದುವಾಗುವವರೆಗೆ ತಾಳಿ, ಬಳಿಕ ಸಮಗತಿಯಿಂದ ಸುತ್ತುತ್ತಾನೆ.

ಅರಗಿನ ಧರ್ಮ ಇನ್ನೂ ಸೂಕ್ಷ್ಮವಾದುದು. ಮರದ ರೆಂಬೆಗಳ ಮೇಲೆ ಕ್ಷುದ್ರಕೀಟಗಳು ಸ್ರವಿಸುವ ಈ ರಾಳವು ನೀರು ಕುದಿಯುವುದಕ್ಕೆ ಬಹಳ ಮೊದಲೇ ಮೆದುವಾಗುತ್ತದೆ. ಆದುದರಿಂದ ಹದವರಿತ ಕೆಂಡದ ಮೇಲೆ ಅದನ್ನು ಮೆದುಮಾಡಿ, ಬಣ್ಣವನ್ನು ಬೆರೆಸಿ, ಮತ್ತೆ ಮತ್ತೆ ಎಳೆದು, ಮಡಿಸಿ, ನಾದಿದರೆ ಬಣ್ಣ ಸಮನಾಗಿ ಹರಡುವುದಲ್ಲದೆ ಒಳಗಿನ ಗಾಳಿಯೂ ಹೊರಬೀಳುತ್ತದೆ. ಬಣ್ಣದ ಪುಡಿಯಲ್ಲಿ ತೇವವಿದ್ದು ಕೆಂಡವೂ ಪ್ರಖರವಾದರೆ ಆ ತೇವ ಆವಿಯಾಗಿ ಅರಗು ಬೊಬ್ಬೆಯೇಳುತ್ತದೆ. ಅಷ್ಟೇ ಅಲ್ಲ, ಹೆಚ್ಚು ಹೊತ್ತು ಅತಿಯಾಗಿ ಕಾಯಿಸಿದ ಅರಗು ರಾಸಾಯನಿಕವಾಗಿ ಮಾರ್ಪಟ್ಟು ತನ್ನೊಳಗಿನಿಂದಲೇ ನೀರನ್ನು ಬಿಡುತ್ತದೆ, ಕಡೆಗೆ ಮತ್ತೆ ಕರಗದಂತೆ ಬಿರುಸಾಗುತ್ತದೆ. ಕೆಲಸ ಬೇಗ ಮುಗಿಯಲೆಂದು ಕೆಂಡವನ್ನು ಊದಿದವನು ಅರಗನ್ನೇ ಕಳೆದುಕೊಳ್ಳುತ್ತಾನೆ.

ಚನ್ನಪಟ್ಟಣದ ಕೆಲಸದಲ್ಲಿ ಎಲ್ಲಕ್ಕೂ ಮೂಲವಾದುದು ಮರ. ಹಾಲೆಮರದ ಬಿಳುಪು, ಮೃದುತ್ವ ಮತ್ತು ನವುರಾದ ಎಳೆಗಳು ಅದನ್ನು ಈ ಕಸುಬಿಗೆ ತಕ್ಕುದನ್ನಾಗಿ ಮಾಡಿವೆ. ಆದರೆ ಹಸಿಮರವನ್ನು ಎರಡು ಮೂರು ತಿಂಗಳು ಒಣಗಲು ಬಿಟ್ಟಲ್ಲದೆ ಆ ಗುಣ ಕೈಗೆ ಬಾರದು. ತಿರುಗುವ ಮಣಿಗೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖದಿಂದಲೇ ಅರಗು ಕರಗಿ ಮೈಗಂಟುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿದಾಗ ಹೊಳಪೇರುತ್ತದೆ. ಒಳಗೆ ಹಸಿ ಉಳಿದಿದ್ದರೆ ಅದೇ ಶಾಖಕ್ಕೆ ತೇವವು ಹೊರಮುಖವಾಗಿ ಅರಗನ್ನು ಎತ್ತುತ್ತದೆ; ಅಂದು ಎತ್ತದಿದ್ದರೂ ತಿಂಗಳುಗಳ ಮೇಲೆ ಮರ ಕುಗ್ಗಿ, ಹೊದಿಕೆ ಬಿರಿದು, ಚಕ್ಕೆಯಾಗಿ ಉದುರುತ್ತದೆ. ಮಾರುವ ದಿನ ಚೆಲುವಾಗಿ ಕಂಡ ಮಣಿ ಮಗುವಿನ ಕೈಯಲ್ಲಿ ದೋಷವನ್ನು ತೋರುತ್ತದೆ.

ಇಂತಹ ಮಣಿ ಹೊರಬೀಳುವುದು ಕುಶಲಕರ್ಮಿಯ ಅಜ್ಞಾನದಿಂದ ಎಂದು ಭಾವಿಸುವುದು ಅನ್ಯಾಯ. ಎಷ್ಟು ದಿನ ಒಣಗಿಸಬೇಕೆಂಬುದನ್ನು ಅವನಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಮುಂಗಡ ಪಡೆದು, ವಾರದೊಳಗೆ ಸರಕು ಒಪ್ಪಿಸಬೇಕಾದ, ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವ ಸಣ್ಣ ಕೆಲಸಗಾರನಿಗೆ ಮೂರು ತಿಂಗಳ ಮರವನ್ನು ಮುಂದಾಗಿ ಕೊಂಡು ಕೂಡಿಡುವ ಬಂಡವಾಳವೆಲ್ಲಿಂದ ಬರಬೇಕು? ಬೆಲೆಯನ್ನು ಕಡೆದ ತುಂಡಿಗೆ ಕಟ್ಟುತ್ತಾರೆಯೇ ಹೊರತು ಒಣಗಿದ ದಿನಗಳಿಗೆ ಯಾರೂ ಕಟ್ಟುವುದಿಲ್ಲ. ಅವಸರವು ಅವನ ಸ್ವಭಾವವಲ್ಲ, ಅವನ ಮೇಲೆ ಹೇರಿದ ಹೊರೆ.

ಈ ದೋಷದ ಗಂಭೀರತೆ ಇಂದು ಹೆಚ್ಚಿದೆ. ಚನ್ನಪಟ್ಟಣದ ಆಟಿಕೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತು ಸುಮಾರು ಎರಡು ದಶಕಗಳಾಗಿವೆ. 2021ರ ಜನವರಿಯಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕರಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೂ ವಿನಾಯಿತಿಯನ್ನು ನೀಡಲಾಯಿತು. ಅದು ಯೋಗ್ಯವಾದ ನಿರ್ಧಾರ. ಆದರೆ ಪರೀಕ್ಷೆಯ ಹೊಣೆಯನ್ನು ಅದು ಪ್ರಯೋಗಶಾಲೆಯಿಂದ ತೆಗೆದು ಕೆಲಸಗಾರನ ಕೈಗೇ ಒಪ್ಪಿಸಿದೆ. ಎಲ್ಲವನ್ನೂ ಬಾಯಿಗಿಡುವ ಕೂಸಿನ ಆಟಿಕೆಯಿಂದ ಅರಗು ಚಕ್ಕೆಯೇಳುವುದಾದರೆ ಆ ಮನ್ನಣೆಗೂ ವಿನಾಯಿತಿಗೂ ಅರ್ಥವಿಲ್ಲ.

ಆದುದರಿಂದ ಮೂರು ಕಾರ್ಯಗಳು ಆಗಬೇಕಾಗಿವೆ. ಒಣಗಿಸಿ ಸಿದ್ಧಪಡಿಸಿದ ಮರವನ್ನು ಸಣ್ಣ ಕೆಲಸಗಾರರಿಗೆ ಬೇಕಾದಷ್ಟೇ ಪ್ರಮಾಣದಲ್ಲಿ ಸಾಲದ ಮೇಲೂ ಕೊಡುವ ಸಾರ್ವಜನಿಕ ಉಗ್ರಾಣವೊಂದು ಚನ್ನಪಟ್ಟಣದಲ್ಲಿ ನಡೆಯಬೇಕು. ಮಾಗಡಿ, ಕನಕಪುರ, ರಾಮನಗರದ ರೈತರು ಬದುಗಳಲ್ಲಿ ಹಾಲೆಮರವನ್ನು ಬೆಳೆಸುವಂತೆ ಸಸಿಯನ್ನೂ, ಕೊಳ್ಳುವ ಭರವಸೆಯನ್ನೂ ಸರ್ಕಾರ ಒದಗಿಸಬೇಕು. ಸಗಟು ಕೊಳ್ಳುವವರು ಒಣಗಿಸುವ ಕಾಲವನ್ನು ಒಪ್ಪಂದದಲ್ಲಿಯೇ ಬರೆದು ಅದರ ವೆಚ್ಚವನ್ನು ಹೊರಬೇಕು. ಮಿಕ್ಕ ಭಾಗ ಓದುಗರದು. ಚನ್ನಪಟ್ಟಣದ ಮಣಿಯನ್ನೋ ಬೊಂಬೆಯನ್ನೋ ಕೊಳ್ಳುವಾಗ ಬೆಲೆ ಇಳಿಸೆಂದು ಚೌಕಾಶಿ ಮಾಡುವ ಮೊದಲು, ಈ ಮರ ಎಷ್ಟು ಕಾಲ ಒಣಗಿತೆಂದು ಕೇಳಿರಿ. ಸರಿಯಾದ ಉತ್ತರ ಬಂದಲ್ಲಿ ಕೇಳಿದ ಬೆಲೆಯನ್ನು ಕೊಡಿರಿ.